ಬೆಳ್ಳಿ ಸಿಪಾಯಿ ಅಲುಗಲಿಲ್ಲ

ಶನಿವಾರ ಸಂಜೆ ಆರೂವರೆಗೆ, ಬೀದಿಯಲ್ಲಿ ಪಿಟೀಲು ನುಡಿಸುವ ಹುಡುಗಿಯೊಬ್ಬಳು ಅಳುತ್ತ ಠಾಣೆಗೆ ಬಂದಳು. ಕೈಯಲ್ಲಿ ಕಮಾನು ಇತ್ತು, ಪಿಟೀಲು ಇರಲಿಲ್ಲ.

"ನೀರು ಕುಡಿಯೋಕೆ ನಲ್ಲಿ ಹತ್ರ ಹೋಗಿದ್ದೆ, ಮೇಡಂ. ವಾಪಸ್ ಬರೋಷ್ಟರಲ್ಲಿ ಮಾಯ! ಸೋಮವಾರ ಬೆಳಿಗ್ಗೆ ಸಂಗೀತ ಶಾಲೆ ಪರೀಕ್ಷೆ. ಅದಿಲ್ದೆ ಇದ್ರೆ ಈ ವರ್ಷ ಹೋದ ಹಾಗೇ."

"ಯಾರಿಗೆ ಹೇಳಿ ಹೋಗಿದ್ದೆ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಬೆಳ್ಳಿ ಸಿಪಾಯಿಗೆ. ಅವ್ರು ಎದುರಿಗೇ ನಿಂತಿರ್ತಾರಲ್ಲ."

ಎಫ್‌ಐಆರ್ ದಾಖಲಾಯಿತು. ಮೇಡಂ ಹೆಡ್ ಕಾನ್‌ಸ್ಟೆಬಲರನ್ನು ಕರೆದುಕೊಂಡು ಬೀದಿಗಿಳಿದರು.

ವಾಹನಗಳಿಗೆ ಪ್ರವೇಶವಿಲ್ಲದ ಬೀದಿ ಅದು. ನಡುವೆ ಎರಡು ಸಾಲು ಮರ, ಮರದ ಕೆಳಗೆ ಹೂವಿನಂಗಡಿ, ಚಿತ್ರ ಬರೆಯುವವರು, ಬಲೂನಿನವರು. ಊರು ನೋಡಲು ಬಂದವರು ಐಸ್‌ಕ್ರೀಮ್ ನೆಕ್ಕುತ್ತ, ಎಲ್ಲಿಗೂ ಹೋಗಬೇಕಾಗಿಲ್ಲದವರಂತೆ ಅಡ್ಡಾಡುತ್ತಾರೆ. ಇಲ್ಲಿ ದುಡಿಯುವವರದ್ದೊಂದು ಪದ್ಧತಿಯಿದೆ. ಎದ್ದು ಹೋಗುವವರ ಸಾಮಾನನ್ನು ಎದುರಿಗಿದ್ದವರು ನೋಡಿಕೊಳ್ಳಬೇಕು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ಮರದ ಬಂದೂಕು ಹಿಡಿದು ಪೀಠದ ಮೇಲೆ ಪ್ರತಿಮೆಯಾಗಿ ನಿಲ್ಲುವ ಸಿಪಾಯಿಗೇ ಎಲ್ಲರೂ ಒಪ್ಪಿಸಿ ಹೋಗುತ್ತಿದ್ದರು. ಅವನಂತೂ ಎಲ್ಲಿಗೂ ಹೋಗುವವನಲ್ಲ. ಆದರೆ ಆ ಸಂಜೆ ಪೊಲೀಸರು ಬರುವ ಹೊತ್ತಿಗೆ ಪೀಠ ಖಾಲಿಯಾಗಿತ್ತು.

ಸಾಕ್ಷಿಗಳಿಗೇನೂ ಬರವಿರಲಿಲ್ಲ.

"ಉದ್ದ ಆಳು, ನೀಲಿ ಅಂಗಿ," ಎಂದ ಚಿತ್ರ ಬರೆಯುವವನು.

"ಗಿಡ್ಡ, ಸಾರ್. ಬಿಳೀ ಅಂಗಿ," ಎಂದ ಬಲೂನಿನವನು.

"ಇಬ್ರಿದ್ರು," ಎಂದಳು ಐಸ್‌ಕ್ರೀಮ್ ಮಾರುವವಳು.

ಕಳ್ಳ ಓಡಲಿಲ್ಲ, ತನ್ನದೇ ವಸ್ತು ಎನ್ನುವ ಹಾಗೆ ಎತ್ತಿಕೊಂಡು ಹೋದ ಎಂಬುದೊಂದನ್ನು ಮಾತ್ರ ಮೂವರೂ ಒಪ್ಪಿದರು. ಕಂಬದ ಕ್ಯಾಮೆರಾದಲ್ಲಿ ಮರದ ಎಲೆಗಳು ಬಹಳ ಚೆನ್ನಾಗಿ ಕಂಡವು. ಮೇಡಂಗೆ ತಲೆ ಚಿಟ್ಟು ಹಿಡಿಯಿತು.

"ಇದರ ತಲೆಬುಡ ಅರ್ಥ ಆಗ್ತಿಲ್ವಲ್ರೀ," ಎಂದರು.

"ನನಗೆ ಮೊದಲಿಂದಲೂ ಅರ್ಥ ಆಗಿಲ್ಲ, ಮೇಡಂ," ಎಂದು ಹೆಡ್ ಕಾನ್‌ಸ್ಟೆಬಲ್ ಧೈರ್ಯ ತುಂಬಿದರು.

ಭಾನುವಾರ ಮಧ್ಯಾಹ್ನ ಸಿಪಾಯಿ ಪೀಠದ ಮೇಲಿದ್ದ.

"ನಿನ್ನೆ ಪಿಟೀಲು ತಗೊಂಡೋರನ್ನ ನೋಡಿದ್ಯಾ?"

"ಇಲ್ಲ, ಮೇಡಂ." ತುಟಿ ಅಲ್ಲಾಡಲಿಲ್ಲ. ಬಂದೂಕಿನ ತುದಿ ಮಾತ್ರ ನಡುಗುತ್ತಿತ್ತು. ಪೊಲೀಸರನ್ನು ಕಂಡರೆ ಯಾರಿಗಾದರೂ ನಡುಕವೇ, ಎಂದುಕೊಂಡು ಮೇಡಂ ಮುಂದೆ ಹೋದರು.

ಹೂವಿನಂಗಡಿಯ ಅಜ್ಜಿ ತಾನಾಗಿಯೇ ಮಾತಿಗಿಳಿದಳು. "ನಿನ್ನೆ ನೀವು ನೋಡ್ಬೇಕಿತ್ತು ಕಣಮ್ಮ. ಪಾಪ, ಈಚೆಗೆ ಅವನ ಬಂದೂಕು ಒಂದೇ ಸಮ ಅಲ್ಲಾಡ್ತಿತ್ತು, ಮಕ್ಕಳೆಲ್ಲ ನಗ್ತಿದ್ರು. ನಿನ್ನೆ ಮಾತ್ರ ಕಲ್ಲು ನಿಂತ ಹಾಗೆ ನಿಂತಿದ್ದ!"

ಮೇಡಂ ತಿರುಗಿ ನೋಡಿದರು. ಬಂದೂಕು ಇನ್ನೂ ನಡುಗುತ್ತಿತ್ತು. ಒಂದೇ ದಿನಕ್ಕೆ ವಾಸಿಯಾಗಿ ಮರುದಿನ ಮತ್ತೆ ಬರುವ ಕಾಯಿಲೆ ಯಾವುದು? ತಲೆ ಇನ್ನಷ್ಟು ಕೆಟ್ಟಿತು. ಆಮೇಲೆ ಅವರು ತಟ್ಟನೆ ಕೇಳಿದರು:

"ಅಜ್ಜಿ, ಬಣ್ಣ ತೊಳೆದ ಮೇಲೆ ಅವನು ಹೇಗಿರ್ತಾನೆ?"

ಅಜ್ಜಿ ಕಕ್ಕಾಬಿಕ್ಕಿಯಾದಳು. ಎಷ್ಟೋ ವರ್ಷ ಎದುರಿಗೇ ಕೂತವಳು ಅವನ ಮುಖವನ್ನೇ ಕಂಡಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಇಡೀ ಬೀದಿ ವಿಚಾರಿಸಿದರು. ಯಾರೂ ಕಂಡಿರಲಿಲ್ಲ.

ಅವನ ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆಯದು. ಬಾಗಿಲು ತೆರೆದ ಹೆಂಡತಿ ಗಂಡನಷ್ಟೇ ಎತ್ತರವಿದ್ದಳು. ಮುಖ ತಿಕ್ಕಿ ತೊಳೆದಿದ್ದರೂ ಅವಳ ಕಿವಿಯ ಹಿಂದೆ ಬೆಳ್ಳಿ ಬಣ್ಣ ಉಳಿದಿತ್ತು.

"ನಿನ್ನೆ ಪೀಠದ ಮೇಲೆ ನಿಂತಿದ್ದು ನೀನೇ ಅಲ್ವೇನಮ್ಮಾ?"

ಅವಳು ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದಳು. "ಇವ್ರು ಡಾಕ್ಟರಿಗೆ ಕೈ ತೋರಿಸ್ಕೊಂಡು ಬರ್ತೀನಿ ಅಂದ್ರು, ಮೇಡಂ. ಒಂದು ಸಂಜೆ ಜಾಗ ಖಾಲಿ ಬಿಟ್ರೆ ಇನ್ನೊಬ್ರು ಬಂದು ನಿಂತ್ಕೋತಾರೆ. ಅದಕ್ಕೇ ಅವ್ರ ಕೋಟು, ಟೋಪಿ, ಮೀಸೆ ಎಲ್ಲ ಹಾಕ್ಕೊಂಡು ನಾನು ನಿಂತೆ."

"ಕಳ್ಳನ್ನ ನೋಡಿದ್ಯಾ?"

"ನೋಡ್ದೆ. ಇವ್ರೇ ಬಂದ್ರು. ಪಿಟೀಲು ಎತ್ಕೊಂಡ್ರು, ನನ್ನ ಮುಖ ನೋಡಿದ್ರು, ಹೋದ್ರು. ನಾನೇನ್ ಮಾಡ್ಲಿ ಮೇಡಂ? ಜನ ಫೋಟೋ ತೆಗೀತಿದ್ರು. ಅಲ್ಲಾಡೋ ಹಾಗಿರ್ಲಿಲ್ಲ." ಹಾಗೆಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಿನ್ನೆ ಅಳಲಾಗದ್ದೂ ಅದರಲ್ಲಿ ಸೇರಿತ್ತು.

ಪಕ್ಕದ ಮನೆಯ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಬೀರುವಿನ ಮೇಲೆ ಹೊದಿಕೆಯಲ್ಲಿ ಸುತ್ತಿಟ್ಟಿದ್ದ ಪಿಟೀಲು ಸಿಕ್ಕಿತು. ತಂತಿಯೊಂದೂ ಹರಿದಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಅವನ ಅಂಗಿ ಬೂದು ಬಣ್ಣದ್ದು, ಸಾಕ್ಷಿಗಳಲ್ಲಿ ಒಬ್ಬರೂ ಹೇಳದ ಬಣ್ಣ.

ಮೇಡಂ ಪೀಠದ ಬಳಿ ನಿಂತು, "ಇಳಿದು ಬಾರಪ್ಪ," ಎಂದರು. ಸಿಪಾಯಿ ಬಂದೂಕು ಕೆಳಗಿಟ್ಟು ಇಳಿದ. ಪ್ರತಿಮೆಯನ್ನು ಪೊಲೀಸರು ಕರೆದೊಯ್ಯುವುದೂ ಆಟದ ಭಾಗವೆಂದುಕೊಂಡು ಜನ ಚಪ್ಪಾಳೆ ಹೊಡೆದರು. ಅವನು ಅಭ್ಯಾಸಬಲದಿಂದ ಒಮ್ಮೆ ತಲೆ ಬಾಗಿಸಿದ.

ಠಾಣೆಯಲ್ಲಿ ಬಣ್ಣ ತೊಳೆದ ಮೇಲೆ ಕಂಡದ್ದು, ಯಾರೂ ಎರಡನೇ ಸಲ ನೋಡದ ಸಾಧಾರಣ ಮುಖ.

"ಪಿಟೀಲು ಯಾಕೆ ಬೇಕಿತ್ತು? ಮಾರೋಕಾ?"

"ಅಯ್ಯೋ, ಇಲ್ಲ ಮೇಡಂ. ಆ ಹುಡುಗಿ ಎದುರಿಗೆ ಬಂದು ನುಡಿಸೋಕೆ ಶುರು ಮಾಡಿದ ಮೇಲೇ ನನ್ನ ಕೈ ನಡುಗೋಕೆ ಹತ್ತಿದ್ದು. ಆ ತಂತಿ ಅದುರಿದ ಹಾಗೇ ಇದೂ ಅದುರ್ತಿತ್ತು. ಅದು ನಿಂತ್ರೆ ಇದೂ ನಿಲ್ಲುತ್ತೆ ಅಂದ್ಕೊಂಡೆ. ಅಲುಗದೆ ನಿಲ್ಲೋದು ಬಿಟ್ರೆ ನನಗೆ ಬೇರೇನೂ ಬರಲ್ಲ."

"ಡಾಕ್ಟರ ಹತ್ರ ಹೋಗಿದ್ಯಾ?"

"ಬಾಗಿಲವರೆಗೆ ಹೋದೆ. ಅವರೇನು ಹೇಳಿಬಿಡ್ತಾರೋ ಅಂತ ವಾಪಸ್ ಬಂದುಬಿಟ್ಟೆ."

ರಜಾದಿನದ ಕೆಲಸಕ್ಕಿದ್ದ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಆ ಸಂಜೆಯೇ ಪಿಟೀಲನ್ನು ಹುಡುಗಿಗೆ ಒಪ್ಪಿಸಲಾಯಿತು. ಅವಳು ಅದನ್ನು ಎದೆಗವಚಿಕೊಂಡು ಮನೆಗೆ ಓಡಿದಳು.

ಹೇಳಿಕೆಗೆ ರುಜು ಹಾಕಲು ಅವನಿಗೆ ಪೆನ್ನು ಕೊಟ್ಟರು. ಪೆನ್ನಿನ ಮೊನೆ ಕಾಗದಕ್ಕೆ ಟಕಟಕನೆ ಬಡಿಯಿತು. ಅವನು ಕಿವಿಗೊಟ್ಟು ಸುತ್ತಲೂ ನೋಡಿದ. ಠಾಣೆಯಲ್ಲಿ ಯಾರೂ ಏನನ್ನೂ ನುಡಿಸುತ್ತಿರಲಿಲ್ಲ.

ಠಾಣೆಯ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿ ಎದ್ದು ಬಂದು, ರುಜು ಮುಗಿಯುವವರೆಗೆ ಅವನ ಮಣಿಕಟ್ಟು ಹಿಡಿದುಕೊಂಡು ಅಲುಗದೆ ನಿಂತಳು.