ಹೇಳಿ ಕಳುಹಿಸುವವರು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಠಾಣೆಗೆ ಬಂದು ದೂರು ಕೊಟ್ಟರು. ಸತ್ತು ಒಂಬತ್ತು ದಿನವಾಗಿದ್ದ ರೋಗಿಯೊಬ್ಬರು ಸ್ಕ್ಯಾನಿಂಗ್‌ಗೆ ‘ಬರುತ್ತೇನೆ’ ಎಂದು ಉತ್ತರ ಕಳುಹಿಸಿದ್ದರು.

"ಮೇಲೂ ನೆಟ್‌ವರ್ಕ್ ಬಂತಾ?" ಎಂದ ರೈಟರ್.

ಇನ್ಸ್‌ಪೆಕ್ಟರ್ ಒಮ್ಮೆ ನೋಡಿದರು. ರೈಟರ್ ತುಟಿ ಹೊಲಿದುಕೊಂಡು ಎಫ್‌ಐಆರ್ ಬರೆಯತೊಡಗಿದ.

ವಿಷಯ ಇಷ್ಟು. ಸ್ಕ್ಯಾನಿಂಗ್ ಸರದಿಯನ್ನು ಆಸ್ಪತ್ರೆಯಲ್ಲಿ ಒಂದು ತಂತ್ರಾಂಶವೇ ನಡೆಸುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಮರುದಿನದ ರೋಗಿಗಳಿಗೆ ಸಂದೇಶ ಹೋಗುತ್ತದೆ. ಎರಡರೊಳಗೆ ಉತ್ತರ ಬರದಿದ್ದರೆ ಸರದಿ ರದ್ದು, ಜಾಗ ಬೇರೆಯವರಿಗೆ. ಯಾರೋ ಈ ತಂತ್ರಾಂಶಕ್ಕೆ ತಾವೇ ಬರೆದ ಪ್ಲಗ್-ಇನ್ ಎಂಬ ಸಣ್ಣ ಜೋಡಣೆಯೊಂದನ್ನು ಸೇರಿಸಿದ್ದರು. ಅದು ಕೆಲವು ರೋಗಿಗಳ ಪರವಾಗಿ ತಾನೇ ‘ಬರುತ್ತೇನೆ’ ಎನ್ನುತ್ತಿತ್ತು.

"ಯಂತ್ರ ಒಂದು ಗಂಟೆ ಖಾಲಿ ನಿಂತಿತ್ತು ಸರ್. ಜಾಗ ಇಲ್ಲ ಅಂತ ಒಬ್ಬ ಲಾರಿ ಡ್ರೈವರ್ ಸೊಂಟ ಹಿಡ್ಕೊಂಡು ವಾಪಸ್ ಹೋಗಿದ್ದಾರೆ."

"ಪಾಸ್‌ವರ್ಡ್ ಯಾರದು?"

"ಕೆಲಸ ಬಿಟ್ಟ ತಂತ್ರಜ್ಞನದು. ಅವನೀಗ ಹಡಗಲ್ಲಿದ್ದಾನೆ."

"ಹಡಗಲ್ಲಾ?"

"ಅಲ್ಲೂ ಕಂಪ್ಯೂಟರ್ ಕೆಡುತ್ತೆ ಸರ್."

ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೊರಟರು. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್. ಮಾತು ಕಡಿಮೆಯ ಹುಡುಗಿ. ಎಲ್ಲರೂ ಮಾತಾಡುವಾಗ ಅವಳು ಮೇಜಿನ ಮೇಲೆ ಏನಿದೆ ಎಂದು ನೋಡುತ್ತಿದ್ದಳು.

ತಂತ್ರಾಂಶಕ್ಕೆ ಗೊತ್ತಿದ್ದದ್ದು ನಾಲ್ಕೇ ಬಗೆ: ರೋಗಿ, ವೈದ್ಯ, ಯಂತ್ರ, ಹಾಸಿಗೆ. ಪ್ಲಗ್-ಇನ್ ಬರೆದವರು ಐದನೆಯದನ್ನು ಹುಟ್ಟಿಸಿದ್ದರು. ಅದರ ಹೆಸರು ‘ಹೇಳಿ ಕಳುಹಿಸುವವರು’: ರೋಗಿಗೆ ಸುದ್ದಿ ಮುಟ್ಟಿಸಬಲ್ಲವರು. ಕಾನ್‌ಸ್ಟೇಬಲ್ ಪರದೆಯತ್ತ ಬಗ್ಗಿ ಓದಿದಳು. ಒಟ್ಟು ನಲವತ್ತೊಂದು ಸಾಲು, ಸಾಲಿಗೊಂದು ಫೋನ್ ನಂಬರ್. ‘ಪಕ್ಕದ ಮನೆ ಟೈಲರ್, ಒಂದು ಗಂಟೆಗೆ ಊಟಕ್ಕೆ ಬರುತ್ತಾರೆ.’ ‘ಸೊಸೆಗೆ ಹೇಳಬಾರದು, ಮೊಮ್ಮಗಳಿಗೆ ಹೇಳಬೇಕು.’ ‘ಎಡಗಿವಿ ಮಂದ, ಜೋರಾಗಿ ಎರಡು ಸಲ.’ ಮೊದಲ ಸಾಲು ಮಾತ್ರ ಅವಳಿಗೆ ತಿಳಿಯಲಿಲ್ಲ: ‘ಮಗಳು. ಫೋನ್ ಲಾಕರ್‌ನಲ್ಲಿ.’ ಅದರ ಮುಂದೆ ‘ಮುಗಿದಿದೆ’ ಎಂದಿತ್ತು.

"ಸರ್, ಇದು ಕಂಪ್ಯೂಟರ್‌ನವರು ಬರೆದಿದ್ದಲ್ಲ. ಇವರ ಜೊತೆಗೆಲ್ಲ ದಿನಾ ಫೋನಲ್ಲಿ ಮಾತಾಡಿದವರು ಬರೆದಿದ್ದು."

"ಮುಂದೆ ಹೇಳಮ್ಮ."

"ಪ್ಲಗ್-ಇನ್ ‘ಬರ್ತೀನಿ’ ಅಂದ ಮೇಲೆ ಯಾರೋ ಇವರಿಗೆಲ್ಲ ಫೋನ್ ಮಾಡಿದ್ದಾರೆ. ಬರೋಕಾಗಲ್ಲ ಅಂದವರದ್ದನ್ನ ಕೈಯಾರೆ ತೆಗೆದಿದ್ದಾರೆ. ದಿನಾ ಒಂದಾದರೂ ತೆಗೆದಿದ್ದಿದೆ. ಹದಿಮೂರು, ಹದಿನಾಲ್ಕನೇ ತಾರೀಖು, ಎರಡು ದಿನ ಒಂದೂ ಇಲ್ಲ. ಸತ್ತವರ ಉತ್ತರ ಹೋಗಿದ್ದು ಹದಿನಾಲ್ಕಕ್ಕೆ."

ಹಾಜರಿ ಪುಸ್ತಕ ತರಿಸಿದರು. ಆ ಎರಡೂ ದಿನ ರಜೆಯಲ್ಲಿದ್ದವರು ನಾಲ್ವರು: ಇಬ್ಬರು ದಾದಿಯರು, ಒಬ್ಬ ಬಡಗಿ, ಮತ್ತು ಟೆಲಿಫೋನ್ ಆಪರೇಟರ್. ಸೊನ್ನೆ ಒತ್ತಿದರೆ ಸಿಗುವವರಾದ್ದರಿಂದ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಸೊನ್ನೆಯಕ್ಕ.

ಒಂದು ಹದಿನೈದಕ್ಕೆ ಫೋನ್ ಕೋಣೆಯ ಬಾಗಿಲು ತಟ್ಟಿದರು. ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಗೋಡೆಗೆ ಲಾಕರ್‌ಗಳು. ಸೊನ್ನೆಯಕ್ಕ ಹೆಡ್‌ಫೋನ್ ತೆಗೆಯಲಿಲ್ಲ.

"ಒಂದು ನಿಮಿಷ ಸರ್. ಹೇಳಿ ತಾಯಿ, ಎಲುಬಿನ ವಿಭಾಗಾನಾ? ಕೊಡ್ತೀನಿ."

"ಪ್ಲಗ್-ಇನ್ ನೀವೇ ಬರೆದಿದ್ದಾ?"

"ಹೌದು."

"ಕಲಿತದ್ದು ಎಲ್ಲಿ?"

"ತಂತ್ರಾಂಶದ ಜೊತೆ ಪುಸ್ತಕ ಬಂದಿತ್ತು. ಯಾರೂ ಬಿಚ್ಚಿರಲಿಲ್ಲ. ನಾಲ್ಕು ತಿಂಗಳು ಓದಿದೆ. ಮೊದಲ ಸಲ ಹೆರಿಗೆ ವಾರ್ಡಿನ ಸಂದೇಶ ಕಣ್ಣಿನ ಡಾಕ್ಟರಿಗೆ ಹೋಗಿತ್ತು."

"ಪಾಸ್‌ವರ್ಡ್?"

"ಕೆಲಸ ಬಿಟ್ಟ ಆ ಹುಡುಗ ರಜೆ ಹಾಕಿದಾಗೆಲ್ಲ ಪಾಸ್‌ವರ್ಡ್ ಹೇಳಿ ನನ್ನ ಕೈಲೇ ಕಂಪ್ಯೂಟರ್ ತೆಗೆಸ್ತಿದ್ದ. ಅವನದ್ದೇನೂ ತಪ್ಪಿಲ್ಲ." ಆಕೆ ತಡೆದು ಕೇಳಿದರು, "ಆ ಡ್ರೈವರ್‌ಗೆ ಆಮೇಲೆ ಸ್ಕ್ಯಾನ್ ಆಯ್ತಾ? ನನಗೆ ಜ್ವರ ಬಂದಿತ್ತು ಸರ್. ನಾನು ಬರದಿದ್ರೆ ಏನಾಗುತ್ತೆ ಅಂತ ಬರೆಯೋದನ್ನೇ ಮರೆತಿದ್ದೆ."

"ಯಾಕೆ ಮಾಡಿದ್ರಿ?"

"ಅಮ್ಮನ ಸರದಿ ಮೂರು ಸಲ ಹೋಯ್ತು. ಅವಳ ಹತ್ರ ಫೋನಿಲ್ಲ, ನನ್ನ ನಂಬರ್ ಕೊಟ್ಟಿದ್ದೆ. ನಾಲ್ಕನೇ ಸಲ ಸ್ಕ್ಯಾನ್ ಆಯ್ತು. ಅಷ್ಟೊತ್ತಿಗೆ ಗಡ್ಡೆ ಬೆಳೆದುಬಿಟ್ಟಿತ್ತು."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಆಕೆಯೂ ನೋಡಿದರು.

"ಪ್ಲಗ್-ಇನ್ ತೆಗೆದುಬಿಟ್ರಂತೆ. ಇವತ್ತು ಮೂರು ಜನ ಇದ್ದಾರೆ ಸರ್. ಎರಡು ಗಂಟೆಗೆ ಅವರ ಸರದಿ ಹೋಗಿಬಿಡುತ್ತೆ."

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿದರು. "ಕಾನ್‌ಸ್ಟೇಬಲ್, ಪಟ್ಟಿ ನಿಜಾನಾ ಅಂತ ಪರಿಶೀಲನೆ ಮಾಡಬೇಕು. ಮೂರೂ ಜನಕ್ಕೆ ಫೋನ್ ಮಾಡು. ಬರ್ತೀವಿ ಅಂದವರಿದ್ರೆ ಮುಖ್ಯಸ್ಥರಿಗೆ ಹೇಳು, ನನ್ನ ಎದುರಿಗೇ ದಾಖಲು ಮಾಡಲಿ."

ಅಪರಿಚಿತರೊಂದಿಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಹುಡುಗಿ ರಿಸೀವರ್ ಎತ್ತಿದಳು. ಮೂರನೆಯವರಿಗೆ ಎಡಗಿವಿ ಮಂದ.

"ನಾಳೆ ಹತ್ತಕ್ಕೆ ಬನ್ನಿ ಅಜ್ಜಾ! ಹತ್ತಕ್ಕೆ!" ಎಂದು ಅವಳು ಎರಡು ಸಲ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಆಗ ಒಂದು ಐವತ್ತೆರಡು.

ಬಂಧನದ ಸಮಯ ಎರಡು ಐದು ಎಂದು ದಾಖಲಾಯಿತು. ನಂತರ ಇಬ್ಬರು ಪಂಚರ ಎದುರು ಆಕೆಯ ಲಾಕರ್ ತೆರೆದರು. ಒಳಗೆ ಒಂದು ಕೊಡೆ, ಊಟದ ಡಬ್ಬಿ, ಹಳೆಯ ಮೊಬೈಲ್. ಡ್ಯೂಟಿಯ ಹೊತ್ತಿನಲ್ಲಿ ಸ್ವಂತ ಮೊಬೈಲ್ ಲಾಕರ್‌ನಲ್ಲೇ ಇಡಬೇಕು ಎಂಬ ನಿಯಮದ ಚೀಟಿ ಬಾಗಿಲಿಗೇ ಅಂಟಿತ್ತು. ಮೊಬೈಲ್‌ನಲ್ಲಿ ಅಮ್ಮನ ಹೆಸರಿಗೆ ಬಂದಿದ್ದ ಮೂರು ಸಂದೇಶಗಳನ್ನು ಆಕೆ ಅಳಿಸಿರಲಿಲ್ಲ. ಮೂರೂ ಮಧ್ಯಾಹ್ನ ಹನ್ನೆರಡಕ್ಕೆ ಬಂದಿದ್ದವು.

"ಡ್ಯೂಟಿ ಮುಗಿಯೋದು ಎಷ್ಟಕ್ಕೆ?" ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಕೇಳಿದಳು.

"ನಾಲ್ಕಕ್ಕೆ," ಎಂದರು ಸೊನ್ನೆಯಕ್ಕ.