ಅಮಾವಾಸ್ಯೆಯ ಕೆಂಪು ಮುದ್ರೆ

“ಮಾಲಕರನ್ನ ಸ್ವಲ್ಪ ಕರೀರಿ, ಬಾಯಾರ. ಮಷಿನ್ ವಿಷಯ ಮಾತಾಡೋದೈತಿ.”

ಅಷ್ಟೇ ಮಾತು! ಸುಂದರಾಳಿಗೆ ಮೈಯೆಲ್ಲ ಉರಿದು ಹೋಯಿತು.

ಅಪ್ಪ ತೀರಿಕೊಂಡ ಮೇಲೆ ಚಿಕ್ಕೋಡಿಯ ಈ ಪುಟ್ಟ ಪ್ರೆಸ್ಸನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಲಗ್ನಪತ್ರಿಕೆ ಅಚ್ಚು ಹಾಕಿ, ಲಕೋಟೆಗೆ ವಿಳಾಸ ಬರೆದು, ಟಪಾಲಿಗೂ ಹಾಕಿಕೊಡುವ ಪದ್ಧತಿ ಸುರು ಮಾಡಿದ್ದೇ ಅವಳು. ದೊಡ್ಡ ಗಿರಾಕಿಗಳು ಬರುತ್ತಿದ್ದುದೂ ಅದಕ್ಕೇ. ಆದರೂ ಬಂದವರೆಲ್ಲ ಅವಳ ಬೆನ್ನ ಹಿಂದೆ ಯಾವನೋ ಗಂಡಸನ್ನು ಹುಡುಕುವವರೇ!

“ಮಾಲಕರ ಮುಂದನ ನಿಂತೀರಿ. ಕಣ್ಣ ಕಾಣ್ತಾವೋ ಇಲ್ಲೋ?”

ಬೆಳಗಾವಿಯ ಬಾಡಿಗೆ ಕಂಪನಿಯಿಂದ ಬಂದಿದ್ದ ಜ್ಞಾನದೇವನ ಕಿವಿ ಕೆಂಪಾಯಿತು. “ತಪ್ಪಾತ್ರಿ...” ಎಂದವನೇ ಹೊತ್ತು ತಂದಿದ್ದ ಫ್ರ್ಯಾಂಕಿಂಗ್ ಯಂತ್ರವನ್ನು ಮೇಜಿನ ಮೇಲಿಟ್ಟ. ಹಿಡಿ ತಿರುವಿದರೆ ಸಾಕು, ಲಕೋಟೆಯ ಮೇಲೆ ಅಂಚೆಚೀಟಿಯ ಬದಲು ಕೆಂಪು ಮುದ್ರೆ. ದರ, ತಾರೀಖು ಎಲ್ಲ ಅದರಲ್ಲೇ. ಚೀಟಿ ನೆಕ್ಕಿ ನೆಕ್ಕಿ ಹಚ್ಚುವ ಕೆಲಸ ಬಂದ್!

ಕೊಳ್ಳುವ ತಾಕತ್ತು ಇರಲಿಲ್ಲ. ಸುಂದರಾ ಬಾಡಿಗೆಗೆ ತೆಗೆದುಕೊಂಡಳು. ಅಂಚೆ ಇಲಾಖೆಯ ಪರವಾನಗಿ ಅವಳ ಹೆಸರಿಗೇ ಬಂತು. ದಿನಾ ಬೆಳಗ್ಗೆ ತಾರೀಖಿನ ಗಾಲಿ ಕೂಡಿಸುವವಳು ಅವಳು, ಹಿಡಿ ತಿರುವುವವಳು ಸೋದರತ್ತೆ ಸತ್ತೆವ್ವ.

ತಿಂಗಳಿಗೊಮ್ಮೆ ಎಣ್ಣೆ ಹಾಕಲು ಬರುವ ಜ್ಞಾನದೇವ ಬರಬರುತ್ತ ಚಹಾ ಮುಗಿದ ಮೇಲೂ ಕೂರತೊಡಗಿದ. ‘ಇವತ್ತ ಯಾಕ ಇನ್ನೂ ಬರವಲ್ಲಾ...’ ಎಂದು ಬಾಗಿಲು ನೋಡುವಾಗ ಸುಂದರಾಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆಗಲೇ ಆ ಅಮಾವಾಸ್ಯೆ ಬಂತು.

ನಿಪ್ಪಾಣಿಯ ತಂಬಾಕು ವ್ಯಾಪಾರಿ ರಾವಸಾಹೇಬರ ಮಗಳ ಲಗ್ನ ಹತ್ತಿರವಿತ್ತು. ಪತ್ರಿಕೆಗಳು ಅಂದೇ ಟಪಾಲಿಗೆ ಬೀಳಬೇಕಿತ್ತು. ಮಧ್ಯಾಹ್ನ ನೋಡಿದರೆ ಇಡೀ ಕಟ್ಟು ಅಂಚೆ ಕಚೇರಿಯಿಂದ ವಾಪಸ್! ಮುದ್ರೆಯಲ್ಲಿ ಮರುದಿನದ ತಾರೀಖು! ಸಂಜೆಯೊಳಗೆ ಸರಿಯಾದ ಕಾರಣ ಹೇಳದಿದ್ದರೆ ಪರವಾನಗಿ ರದ್ದು ಎಂದು ಪೋಸ್ಟ್‌ಮಾಸ್ತರರು ಹೇಳಿ ಕಳಿಸಿದ್ದರು.

ಬೆಳಗ್ಗೆ ತಾರೀಖು ಕೂಡಿಸಿದ್ದು ಸುಂದರಾಳ ಕೈಯೇ. ಹಾಗಾದರೆ ಗಾಲಿ ತಿರುಗಿದ್ದು ಹೇಗೆ? ಹಿಂದಿನ ದಿನ ಯಂತ್ರ ಬಿಚ್ಚಿದವನು ಜ್ಞಾನದೇವ. ಇನ್ನೂ ಊರಲ್ಲೇ ಇದ್ದ ಅವನನ್ನು ಕರೆಸಿದಳು.

“ಏನ ಮಾಡಿ ಹೋದ್ರಿ ನಿನ್ನಿ? ನಿಮ್ಮನ್ನ ನಂಬಿದ್ನಲ್ಲ! ನನ್ನ ಅನ್ನಕ್ಕ ಮಣ್ಣ ಹಾಕಿದ್ರಿ!”

ಅವನು ಯಂತ್ರದ ಮುಚ್ಚಳ ತೆಗೆದ. ಗಾಲಿ ಬಿಗಿಯಾಗೇ ಇತ್ತು, ಯಾರಾದರೂ ತಿರುವದೆ ತಾನಾಗಿ ತಿರುಗುವಂತಿರಲಿಲ್ಲ. ತಲೆ ಎತ್ತಿದರೆ ಒಳಬಾಗಿಲಲ್ಲಿ ಸತ್ತೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಅವನಿಗೆ ಎಲ್ಲ ಅರ್ಥವಾಯಿತು.

“ತಪ್ಪು ನಂದ್ರಿ. ಗಾಲಿ ಸಡಿಲ ಬಿಟ್ಟಿದ್ನಿ. ಪೋಸ್ಟ್‌ಮಾಸ್ತರಿಗೆ ನಾನ ಬರದ ಕೊಡ್ತೀನಿ.”

“ಹೋಗ್ರಿ! ಮತ್ತ ಈ ಹೊಸ್ತಿಲಾ ತುಳೀಬ್ಯಾಡ್ರಿ!”

ಅವನು ಹೋದ. ಸತ್ತೆವ್ವ ಅಲ್ಲೇ ಕುಸಿದು ಕುಳಿತಳು.

“ಅವನ ತಪ್ಪಲ್ಲ ಬೇ... ಅಮಾಸಿ ತಾರೀಖ ಲಗ್ನದ ಪತ್ರಿಕಿ ಮ್ಯಾಲ ಹೆಂಗ ಒತ್ತಲಿ? ಆ ಹುಡುಗಿ ಬಾಳಿಗೆ ಏನರ ಆದೀತಂತ ಅಂಜಿದ್ನಿ. ನಾಳೆ ಪಾಡ್ಯಾ ಐತಲ್ಲ ಅಂತ ನಾನ ಗಾಲಿ ಮುಂದ ತಿರುವಿದ್ನಿ...”

“ಅತ್ತಿ!”

“ಅವಗ ಗೊತ್ತಾಗೇತಿ. ಆದ್ರೂ ಸುಳ್ಳ ಹೇಳಿದಾ. ಯಂತ್ರಾ ಕೆಡಿಸಿದವ್ರನ್ನ ಕಂಪನಿಯವ್ರು ಕೆಲಸದಾಗ ಇಟ್ಕೊಳ್ಳಂಗಿಲ್ಲಂತ, ಒಮ್ಮೆ ಅವನ ಅಂದಿದ್ದಾ.”

ಸುಂದರಾಳಿಗೆ ಮೊದಲಿಗಿಂತ ಜೋರಾಗಿ ಸಿಟ್ಟು ಬಂತು. ‘ನಮ್ಮನಿ ತಪ್ಪು ಹೊತ್ಕೊಳ್ಳಾಕ ಇವನ್ಯಾರು? ಇವನನ್ನ ಕೇಳಿದವರ್ಯಾರು?’ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡಿದಳು.

ಅಂಚೆ ಕಚೇರಿಯಲ್ಲಿ ಅವನು ಆಗಲೇ ಪೆನ್ನು ಹಿಡಿದಿದ್ದ.

“ಸಹಿ ಮಾಡಬ್ಯಾಡ್ರಿ!” ಸುಂದರಾ ಕಾಗದವನ್ನು ಕಸಿದುಕೊಂಡಳು. “ಸಾಹೇಬ್ರ, ತಪ್ಪು ನಮ್ಮನಿದು. ನಮ್ಮತ್ತಿ ಅಮಾಸಿಗೆ ಅಂಜಿ ತಾರೀಖ ತಿರುವ್ಯಾಳ. ಪರವಾನಗಿ ನನ್ನ ಹೆಸರಲೆ ಐತಿ, ಬೇಕಾದ್ರ ರದ್ದ ಮಾಡ್ರಿ. ಇವ್ರ ಅನ್ನಕ್ಕ ಮಾತ್ರ ಮಣ್ಣ ಹಾಕಬ್ಯಾಡ್ರಿ!”

ಪೋಸ್ಟ್‌ಮಾಸ್ತರ ತವನಪ್ಪ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

“ಅಮಾಸಿ ದಿನಾ ನಮ್ಮಾಕಿ ಹೊಸಾ ಸೀರಿ ಮಡಿಕಿ ಸೈತ ಬಿಚ್ಚಂಗಿಲ್ಲ. ಆದ್ರ ಸರಕಾರಕ್ಕ ಅಮಾಸಿ ಇಲ್ಲವ್ವಾ! ನಿಜಾ ಹೇಳಿದಿ ಅಂತ ಈ ಸಲ ಬಿಟ್ಟೀನಿ. ಇನ್ನೊಮ್ಮೆ ಆತಂದ್ರ ರದ್ದ! ಈ ಕಟ್ಟಿಗೆ ಚೀಟಿ ಹಚ್ಚಿ, ಕಡೀ ಟಪಾಲ ಹೋಗೂದರೊಳಗ ತರ್ರಿ.”

ಹೊರಗೆ ಬರುತ್ತಲೇ ಸುಂದರಾ ತಿರುಗಿ ನಿಂತಳು.

“ನಿಮಗ ಬುದ್ಧಿ ಐತೇನ್ರಿ? ನೌಕರಿ ಹೋಗ್ತಿತ್ತಲ್ಲ!”

“ಅತ್ತಿಯವ್ರು ನಡಗಾಕತ್ತಿದ್ರು...”

“ಅತ್ತಿ ಸಲುವಾಗಿ ಅಷ್ಟನ?”

ಅವನು ನೆಲ ನೋಡಿದ. “ಪ್ರೆಸ್ ಹ್ವಾದ್ರ ನೀವು ಎಷ್ಟ ನೊಂದ್ಕೋತೀರಿ ಅಂತ ಗೊತ್ತಿತ್ತು. ಅದನ್ನ ನೋಡೂ ಶಕ್ತಿ ನನಗಿಲ್ಲ. ನೀವಂದ್ರ ನನಗ ಜೀವಾ, ಸುಂದರಾ...”

ಅವಳ ಕಣ್ಣು ತುಂಬಿ ಬಂತು. ದನಿ ಮಾತ್ರ ಇಳಿಯಲಿಲ್ಲ.

“ಇದನ್ನ ಮೊದಲ ಹೇಳಾಕ ಏನ ಧಾಡಿ ಆಗಿತ್ತು? ಹೊಸ್ತಿಲಾ ತುಳೀಬ್ಯಾಡ್ರಿ ಅಂದ ಬಿಟ್ನಲ್ಲ ನಾನು! ಈಗ ಸುಮ್ಮನ ಮನಿಗೆ ನಡೀರಿ!”

ಮೂವರೂ ಕೂತು ಕೆಂಪು ಮುದ್ರೆಯ ಮೇಲೆ ಚೀಟಿ ನೆಕ್ಕಿ ನೆಕ್ಕಿ ಹಚ್ಚಿದರು. ಸತ್ತೆವ್ವ ಚಹಾ ತರುವ ನೆವದಲ್ಲಿ ಒಳಗೆ ಎದ್ದು ಹೋದಳು.

“ಅಂಟು ಭಾಳ ಕಹಿ ಐತ್ರಿ,” ಜ್ಞಾನದೇವ ಮುಖ ಕಿವುಚಿದ. “ನಮ್ಮ ಲಗ್ನದ ಪತ್ರಿಕಿಗೆ ಮಷಿನ್ನ ತಿರುವೂಣು.”

ಸುಂದರಾಳ ಕೈ ನಿಂತಿತು. ಕೆನ್ನೆ ಬಿಸಿಯಾಯಿತು. “ಅವತ್ತ ಅಮಾಸಿ ಬಂದ್ರ?”

“ಬರಲಿ. ಅವತ್ತಿನ ತಾರೀಖನ ಒತ್ತೋದು. ಆದ್ರ... ಮಾಲಕರನ್ನ ಒಂದ ಮಾತ ಕೇಳಬೇಕಲ್ರಿ?”

ಇನ್ನಷ್ಟು ಲಕೋಟೆಗಳನ್ನು ಅವನ ಮುಂದೆ ತಳ್ಳಿ, ಅವಳು ಮೊದಲ ಸಲ ದನಿ ತಗ್ಗಿಸಿದಳು.

“ಕೇಳೀನಿ... ಮಾಲಕರು ಹೂಂ ಅಂದಾರ.”