ದಪ್ಪ ಪಿನ್ನಿನ ಕೋಲು

ಮಸೂದನ ಗಂಟಲಲ್ಲಿ ಮುರಿದ ಕೋಲು ನಾಟಿಕೊಂಡಿತ್ತು.

ಅಫಜಲಪುರ ಬಸ್ ನಿಲ್ದಾಣದ ಹಿಂದಿನ ಪೂಲ್ ಕ್ಲಬ್ಬು. ಬೆಳಗಿನ ಹತ್ತು ಗಂಟೆ. ಕ್ಲಬ್ಬಿನ ಮಾಲೀಕ ಮಸೂದ ಆಟದ ಮೇಜಿನ ಮೇಲೆ ಅಂಗಾತ ಬಿದ್ದಿದ್ದ. ತಲೆ ಒಡೆದಿತ್ತು. ಹಸಿರು ಬಟ್ಟೆ ರಕ್ತ ಕುಡಿದು ಕಪ್ಪಾಗಿತ್ತು. ಚಹಾ ತಂದಿದ್ದ ಹೆಂಡತಿ ಶರೀಫಾಬಿ ಬಾಗಿಲಲ್ಲೇ ಕುಸಿದು ಕುಳಿತಿದ್ದಳು.

ಪಿಎಸ್ಐ ಶೈಲಶ್ರೀ ಬಗ್ಗಿ ನೋಡಿದಳು. ಪೂಲ್ ಕೋಲು ಎರಡು ಭಾಗದ್ದು. ಹಿಂದೆ ದಪ್ಪ ಹಿಡಿ, ಮುಂದೆ ಸಪೂರ ಶಾಫ್ಟು. ಹಿಡಿಯ ಪಿನ್ನಿಗೆ ಶಾಫ್ಟನ್ನು ತಿರುಗಿಸಿ ಕೂಡಿಸುತ್ತಾರೆ. ತಲೆಗೆ ಬಿದ್ದ ಏಟಿಗೆ ಶಾಫ್ಟು ನಡುವೆ ಮುರಿದಿದೆ. ಆ ಮುರುಕು ಮೊನೆಯಿಂದಲೇ ಕೊಲೆಗಾರ ಗಂಟಲಿಗೆ ಇರಿದಿದ್ದಾನೆ. ಎಳೆದರೂ ಬಂದಿಲ್ಲ. ಹಿಡಿಯನ್ನಷ್ಟೇ ತಿರುಗಿಸಿ ಬಿಚ್ಚಿಕೊಂಡಿದ್ದಾನೆ.

"ಮೇಡಂ, ಹಿಡಿ ಇಲ್ಲೇ ಅದರಿ!" ಪೇದೆ ಕಲ್ಯಾಣಪ್ಪ ಮೇಜಿನ ಕೆಳಗಿನಿಂದ ಕೂಗಿದ.

ರಕ್ತ ಮೆತ್ತಿದ ಹಿಡಿ. ಮೇಲೆ ಕೆತ್ತಿದ ಹೆಸರು: ಅಜರುದ್ದೀನ.

"ನಿನ್ನೆ ಇವರ ಕಾಲರ್ ಹಿಡಿದಿದ್ದ್ರಿ ಅವ," ಶರೀಫಾಬಿ ಬಿಕ್ಕಿದಳು. "ಕ್ಲಬ್ಬಿನ ಟೀಮಿಗೆ ಆರಿಸಲಿಲ್ಲ ಅಂತ."

*

ಅಜರುದ್ದೀನ ಹವಳಗಾದಲ್ಲಿ ಸಿಕ್ಕ. ಪೊಲೀಸರನ್ನು ಕಂಡದ್ದೇ ಓಟ ಕಿತ್ತ. ಕಲ್ಯಾಣಪ್ಪ ಕಬ್ಬಿನ ಹೊಲದಲ್ಲಿ ಕೆಡವಿ ಹಿಡಿದ. ಅಜರುದ್ದೀನನ ತುಟಿ ಸೀಳಿತ್ತು.

"ನಾ ಹೊಡೆದಿಲ್ರಿ! ನನ್ನ ಕೋಲು ಕ್ಲಬ್ಬಿನ್ಯಾಗೇ ಇಟ್ಟು ಬಂದಿದ್ದೆ!"

"ಮತ್ತ ಯಾಕ ಓಡಿದಿ ಲೇ?"

"ನಿನ್ನೆ ಅವರ ಕೂಡ ಜಗಳಾಡಿದ್ನಲ್ರಿ. ಹೆದರಿಕಿ ಆತ್ರಿ."

ಶವಪರೀಕ್ಷೆ ಮುಗಿದು ಮುರಿದ ಶಾಫ್ಟು ಶೈಲಶ್ರೀಯ ಕೈಗೆ ಬಂತು. ಅಜರುದ್ದೀನನ ಹಿಡಿಗೆ ಕೂಡಿಸಲು ನೋಡಿದಳು. ಕಚ್ಚಲಿಲ್ಲ. ಅಗಲ ತೂತಿನೊಳಗೆ ಸಣ್ಣ ಪಿನ್ನು ಲೊಡಲೊಡ ಅಲ್ಲಾಡಿತು.

"ಕಲ್ಯಾಣಪ್ಪ, ಇವನ ಮೈಮ್ಯಾಲೆ ಇನ್ನ ಕೈ ಹಾಕಬ್ಯಾಡ್ರಿ," ಅಂದಳು.

*

ಮರುದಿನ ಜೇವರ್ಗಿಗೆ ಹೋದಳು. ಸುತ್ತಲ ಆಟಗಾರರಿಗೆಲ್ಲ ಕೋಲು ರಿಪೇರಿ ಮಾಡಿಕೊಡುವವನು ಅಲ್ಲಿನ ಲೇತ್ ಅಂಗಡಿಯ ಅಬ್ದುಲ್ ಗನಿ. ಮುದುಕ ಶಾಫ್ಟಿನ ತೂತನ್ನು ಅಳೆದು ನೋಡಿದ.

"ಪಿನ್ನು ಪಿನ್ನಿಗೂ ಫರಕ್ ಅದರಿ. ಅಜರುದ್ದೀನಂದು ಸಣ್ಣ ಪಿನ್ನು, ಇಂಚಿಗೆ ಹದಿನೆಂಟು ಸುತ್ತು. ಈ ಶಾಫ್ಟು ದಪ್ಪ ಪಿನ್ನಿಂದು, ಇಂಚಿಗೆ ಹತ್ತೇ ಸುತ್ತು. ಒಂದಕ್ಕೊಂದು ಕೂಡಂಗಿಲ್ಲ."

"ದಪ್ಪ ಪಿನ್ನಿಗೆ ಹೊಸ ಶಾಫ್ಟು ಯಾರರ ಒಯ್ದಾರೇನ್ರಿ ಚಾಚಾ?"

"ನಿನ್ನೆ ಮಧ್ಯಾಹ್ನ ಒಬ್ಬ ಬಂದಿದ್ದ್ರಿ. ಮಾರಿಗೆ ದಸ್ತಿ ಕಟ್ಟಿದ್ದ, ಹಿಡಿಗೂ ಪಿನ್ನಿನ ತನಕ ಬಟ್ಟಿ ಸುತ್ತಿದ್ದ. ಗುರ್ತು ಹತ್ತಲಿಲ್ಲ. ಪಿನ್ನು ಕೂಡ್ತು, ಖರೆ. ಆದ್ರ ಶಾಫ್ಟಿನ ಬುಡ ಹಿಡಿಗಿಂತ ಕೂದಲೆಳಿಯಷ್ಟು ದಪ್ಪಾತು. ಒಂದ್ ತಾಸು ಕುಂದ್ರು, ತಿಕ್ಕಿ ಸಮ ಮಾಡ್ತೇನಿ ಅಂದೆ. ಕುಂದರಲಿಲ್ರಿ."

*

ಮೂರನೆಯ ದಿನ ಶೈಲಶ್ರೀ ಕರೆಸಿದ ಒಂಬತ್ತು ಆಟಗಾರರು ಕೋಲು ಸಮೇತ ಠಾಣೆಗೆ ಬಂದರು. ಕೊನೆಯವನು ಆಳಂದದ ಕಲ್ಲಿನಾಥ. ಮೂರು ವರ್ಷದಿಂದ ಕ್ಲಬ್ಬಿನ ಚಾಂಪಿಯನ್. ಹೆಂಡತಿ ಗುರುಬಾಯಿಯನ್ನೂ ಕರೆತಂದಿದ್ದ.

"ಆವತ್ತ ಮುಂಜಾನೆ ಮನ್ಯಾಗೇ ಇದ್ದೆ. ಕೇಳ್ರಿ ಇಕಿನ್ನ."

"ಹೌದ್ರಿ," ಗುರುಬಾಯಿ ನೆಲ ನೋಡುತ್ತ ಅಂದಳು.

ಶೈಲಶ್ರೀ ಪ್ರತಿ ಕೋಲಿನ ಕೂಡುವ ಜಾಗದಲ್ಲಿ ಉಗುರು ಎಳೆದಳು. ಎಂಟು ಕೋಲುಗಳಲ್ಲಿ ಉಗುರು ಜಾರಿ ಹೋಯಿತು. ಒಂಬತ್ತನೆಯದರಲ್ಲಿ ತಡೆಯಿತು.

"ಶಾಫ್ಟು ಯಾವಾಗ ಬದಲಿಸಿದ್ರಿ ಕಲ್ಲಿನಾಥ?"

"ಆರು ತಿಂಗಳಾತ್ರಿ."

"ಆರು ತಿಂಗಳು ಆಡಿದ ಕಟ್ಟಿಗಿಗೆ, ತುದಿಗೆ ತಿಕ್ಕೋ ನೀಲಿ ಚಾಕ್ ಒಂದು ಚೂರೂ ಹತ್ತಿಲ್ಲ?"

ಅವಳು ಹೊಸ ಶಾಫ್ಟು ಬಿಚ್ಚಿದಳು. ದಪ್ಪ ಪಿನ್ನು. ಮುರಿದ ಶಾಫ್ಟನ್ನು ಅದಕ್ಕೆ ತಿರುಗಿಸಿದಳು. ಕೊನೆಯವರೆಗೆ ಹೋಗಿ ಗಟ್ಟಿಯಾಗಿ ಕೂತಿತು. ಹಿಡಿಯ ಬೆಳ್ಳಿ ಉಂಗುರದ ಅಂಚಿಗೆ ಅಂಚು ಸೇರಿತು.

ಕಲ್ಲಿನಾಥ ಪಕ್ಕದವನ ಕೋಲು ಕಸಿದು ಬೀಸಿದ. ಶೈಲಶ್ರೀ ಕೈ ಅಡ್ಡ ತಂದಳು. ಮಣಿಕಟ್ಟಿನ ಎಲುಬು ಲಟಕ್ಕೆಂದಿತು. ಎರಡನೆಯ ಏಟು ಕಲ್ಯಾಣಪ್ಪನ ಹುಬ್ಬು ಸೀಳಿತು. ಶೈಲಶ್ರೀ ಹೊಟ್ಟೆಗೆ ಒದ್ದಳು. ನಾಲ್ವರು ಪೇದೆಗಳು ಮೇಲೆ ಬಿದ್ದು ಬೇಡಿ ಹಾಕಿದರು.

"ಪೊಲೀಸರಿಗೆ ಎಲ್ಲಾ ಕೋಲೂ ಒಂದೇ ಅಂದ್ಕೊಂಡಿ," ಅವಳು ಏದುಸಿರಲ್ಲೇ ಅಂದಳು. "ಅಜರುದ್ದೀನನ ಜಗಳ ನಿನಗ ಗೊತ್ತಿತ್ತು. ಅವನ ಶಾಫ್ಟು ಬಿಚ್ಚಿ ಒಯ್ದಿ. ಹಿಡಿಗೆ ರಕ್ತ ಹಚ್ಚಿ ಬಿಟ್ಟಿ. ನಿನ್ನ ಬೆಳ್ಳಿ ಉಂಗುರದ ಕೋಲು ಎಲ್ಲರಿಗೂ ಗುರ್ತು. ಕಾಣ್ಲಿಲ್ಲಂದ್ರ ಕೇಳ್ತಾರ. ಅದಕ್ಕ ಜೇವರ್ಗಿಗೆ ಓಡಿದಿ. ಆದ್ರ ಮಸೂದ ನಿನಗೇನು ಮಾಡಿದ್ದ?"

ಗುರುಬಾಯಿ ಎದ್ದು ಮೇಜಿನ ಹತ್ತಿರ ಬಂದಳು.

"ನಾ ಹೇಳಿದ್ದು ಸುಳ್ಳ್ರಿ. ದಿನಾ ಆ ಕೋಲಿಂದಾನೇ ನನಗ ಹೊಡೀತಿದ್ದ. ಕ್ಲಬ್ಬಿನ ಮುಂದ ಹೊಡೆದದ್ದು ಮಸೂದಣ್ಣ ನೋಡಿದ್ರು. ಠಾಣಾಕ್ಕ ಬಾರವ್ವ, ನಾ ಸಾಕ್ಷಿ ಹೇಳ್ತೇನಿ ಅಂದ್ರು. ಮುಂಜಾನೆ ಕ್ಲಬ್ಬಿನ್ಯಾಗ ಕಾಯ್ತಿದ್ರು. ನಾ ಠಾಣಾಕ್ಕ ಹೊಂಟೀನಂತ ಹಿಂದಿನ ದಿನಾನೇ ಇವಂಗ ಸಂಶೆ ಬಂತು. ಯಾರು ಕಲಿಸಿದ್ರು ಅಂತ ಕುತ್ತಿಗಿ ಹಿಚುಕಿದ. ಉಸಿರು ನಿಂತಂಗಾತ್ರಿ. ಹೇಳಿಬಿಟ್ಟೆ."

ಅವಳು ಗಂಡನ ಕಡೆ ತಿರುಗಿದಳು. ಅವನ ಕಣ್ಣಿನಲ್ಲಿ ಕಣ್ಣಿಟ್ಟಳು.

ಶೈಲಶ್ರೀ ಊದಿದ ಕೈ ಮಡಿಲಲ್ಲಿಟ್ಟು ಎಡಗೈಯಿಂದ ಕಾಗದ ಎಳೆದುಕೊಂಡಳು.

"ಅವತ್ತ ಹೊಡೆತಕ್ಕಂಜಿ ಮಸೂದಣ್ಣನ ಹೆಸರು ಹೇಳಿದೆ," ಗುರುಬಾಯಿ ಅಂದಳು. "ಇವತ್ತ ಇವನ ಹೆಸರು ಹೇಳ್ತೇನಿ. ಬರ್ಕೊಳ್ರಿ."